ಮುಂದಿನ ಕನ್ಸೋಲ್ ಯಾವಾಗ ಬರಬೇಕು? ಬಿಡುಗಡೆಯ ಕಾಲನಿರ್ಣಯದ ಬಗ್ಗೆ ಅಧ್ಯಯನ ಟಿಪ್ಪಣಿ

ವಿಡಿಯೋ ಗೇಮ್ ಕಂಪನಿಯೊಂದು ತನ್ನ ಮುಂದಿನ ಕನ್ಸೋಲನ್ನು, ಅಂದರೆ ಗೇಮ್ ಆಡುವ ಯಂತ್ರವನ್ನು, ಯಾವಾಗ ಮಾರುಕಟ್ಟೆಗೆ ತರಬೇಕು ಎಂದು ಕೇಳಿದರೆ, ‘ಹೊಸ ಚಿಪ್ ಸಿದ್ಧವಾದ ಕೂಡಲೇ’ ಎಂದೋ ‘ಪ್ರತಿಸ್ಪರ್ಧಿಗಿಂತ ಮೊದಲು’ ಎಂದೋ ಉತ್ತರ ಬರುವುದು ಸಾಮಾನ್ಯ. ಕೈಯಲ್ಲಿರುವ ಕನ್ಸೋಲ್ ಇನ್ನೆಷ್ಟು ಗಳಿಸಬಲ್ಲದು, ಹೊಸದಕ್ಕೆ ಬೇಕಾದ ಗೇಮ್‌ಗಳು ಎಷ್ಟರ ಮಟ್ಟಿಗೆ ತಯಾರಾಗಿವೆ ಎಂಬ ಎರಡು ಸಂಗತಿಗಳ ಮೇಲೆ ದಿನಾಂಕ ನಿಲ್ಲಬೇಕು ಎಂಬುದು ಈ ಟಿಪ್ಪಣಿಯ ನಿಲುವು. ಚಿಪ್‌ನ ವೇಗವನ್ನೂ ಎದುರಾಳಿಯ ನಡೆಯನ್ನೂ ಈ ಲೆಕ್ಕದೊಳಗೇ ಇಟ್ಟು ತೂಗಬೇಕಾಗುತ್ತದೆ.

ಮೊದಲು ಹಣ ಎಲ್ಲಿಂದ ಬರುತ್ತದೆ ಎಂಬುದನ್ನು ಸ್ಪಷ್ಟಪಡಿಸಿಕೊಳ್ಳೋಣ. ಕನ್ಸೋಲ್ ಯಂತ್ರವನ್ನು ಬಿಡುಗಡೆಯ ಹೊತ್ತಿನಲ್ಲಿ ತಯಾರಿಕಾ ವೆಚ್ಚಕ್ಕೆ ಸರಿಸಮನಾಗಿ ಅಥವಾ ಅದಕ್ಕಿಂತಲೂ ಕಡಿಮೆ ಬೆಲೆಗೆ ಮಾರುವುದು ಈ ಉದ್ಯಮದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಲಾಭ ಬರುವುದು ಕಂಪನಿಯ ಸ್ವಂತ ಗೇಮ್‌ಗಳಿಂದ, ಹೊರಗಿನ ಸ್ಟುಡಿಯೋಗಳು ಮಾರುವ ಪ್ರತಿಯೊಂದು ಗೇಮಿನ ಮೇಲೆ ಸಿಗುವ ರಾಯಧನದಿಂದ, ಮತ್ತು ಚಂದಾ ಸೇವೆಗಳಿಂದ. ಆದ್ದರಿಂದ ಕನ್ಸೋಲ್‌ನ ಮೊದಲ ವರ್ಷ ಖರ್ಚಿನ ವರ್ಷ. ಲಕ್ಷಾಂತರ ಮನೆಗಳಲ್ಲಿ ಅದು ನೆಲೆಯೂರಿ, ಬಿಡಿಭಾಗಗಳ ಬೆಲೆ ಇಳಿದು, ಪ್ರತಿ ಮನೆಯೂ ವರ್ಷಕ್ಕೆ ಕೆಲವು ಗೇಮ್‌ಗಳನ್ನು ಕೊಳ್ಳುತ್ತಿರುವ ಮಧ್ಯಾವಧಿಯೇ ಸುಗ್ಗಿ. ಹೊಸ ಕನ್ಸೋಲ್ ತರುವುದೆಂದರೆ ಆ ಸುಗ್ಗಿಯನ್ನು ಸ್ವತಃ ನಿಲ್ಲಿಸಿ ಮತ್ತೆ ಖರ್ಚಿನ ವರ್ಷಕ್ಕೆ ಮರಳುವುದು.

ಒಂದು ಕಲ್ಪಿತ ಲೆಕ್ಕವನ್ನು ಮಾಡಿ ನೋಡಿದರೆ ಇದು ಮನವರಿಕೆಯಾಗುತ್ತದೆ. ಹಳೆಯ ಕನ್ಸೋಲನ್ನು 6 ಕೋಟಿ ಜನ ಬಳಸುತ್ತಿದ್ದು, ಪ್ರತಿಯೊಬ್ಬರೂ ವರ್ಷಕ್ಕೆ 3 ಗೇಮ್ ಕೊಳ್ಳುತ್ತಾರೆ, ಪ್ರತಿ ಗೇಮಿನಿಂದ ಕಂಪನಿಗೆ 10 ಡಾಲರ್ ಉಳಿಯುತ್ತದೆ ಎಂದಿಟ್ಟುಕೊಳ್ಳೋಣ. ಈ ವರ್ಷವೇ ಹೊಸ ಕನ್ಸೋಲ್ ಬಂದರೆ ಹಳೆಯದರ ಗೇಮ್ ಖರೀದಿ ತಲಾ 3ರಿಂದ 2ಕ್ಕೆ ಇಳಿಯುತ್ತದೆ. ಅಲ್ಲಿಗೆ 60 ಕೋಟಿ ಡಾಲರ್ ಹೋಯಿತು. ಹೊಸ ಯಂತ್ರ 1.2 ಕೋಟಿ ಮಾರಾಟವಾಗಿ ಒಂದೊಂದರ ಮೇಲೂ 50 ಡಾಲರ್ ನಷ್ಟವಾದರೆ ಇನ್ನೂ 60 ಕೋಟಿ ಹೋಯಿತು. ಅದನ್ನು ಕೊಂಡವರು ತಲಾ 4 ಗೇಮ್ ಕೊಂಡರೆ ಬರುವುದು 48 ಕೋಟಿ. ಒಟ್ಟಿನಲ್ಲಿ 72 ಕೋಟಿ ಡಾಲರ್ ನಷ್ಟ. ಒಂದು ವರ್ಷ ಕಾದರೆ ಚಿತ್ರ ಬದಲಾಗುತ್ತದೆ. ಹಳೆಯ ಕನ್ಸೋಲ್ ತಾನಾಗಿಯೇ ಸೊರಗಿ ಬಳಕೆದಾರರು 4 ಕೋಟಿಗೆ ಇಳಿದಿರುತ್ತಾರೆ ಎಂದುಕೊಳ್ಳಿ. ಹೊಸದು ಬಂದದ್ದರಿಂದ ಅವರ ಖರೀದಿ ತಲಾ ಅರ್ಧ ಗೇಮಿನಷ್ಟು ಮಾತ್ರ ಕುಗ್ಗಿದರೆ ನಷ್ಟ 20 ಕೋಟಿ. ಬಿಡಿಭಾಗಗಳು ಅಗ್ಗವಾಗಿ ಯಂತ್ರವೊಂದರ ನಷ್ಟ 20 ಡಾಲರಿಗೆ ಇಳಿದರೆ ಅದು 24 ಕೋಟಿ. ಗೇಮ್‌ಗಳಿಂದ ಬರುವ 48 ಕೋಟಿಯಲ್ಲಿ ಇವೆರಡನ್ನೂ ಕಳೆದರೆ 4 ಕೋಟಿ ಉಳಿಯುತ್ತದೆ. ಅಂದರೆ ಬಿಡುಗಡೆಯ ವರ್ಷವನ್ನಷ್ಟೇ ಹೋಲಿಸಿದಾಗ ಕಾಯುವುದರಿಂದ 76 ಕೋಟಿ ಡಾಲರಿನ ಅನುಕೂಲವಿದೆ.

ಈಗ ಪ್ರತಿಸ್ಪರ್ಧಿಯನ್ನು ಲೆಕ್ಕಕ್ಕೆ ಸೇರಿಸೋಣ. ನಾವು ಕಾಯುತ್ತಿರುವ ವರ್ಷದಲ್ಲಿ ಅವನು ಬಂದು ನಮ್ಮವರಾಗಬೇಕಿದ್ದ 40 ಲಕ್ಷ ಜನರನ್ನು ಸೆಳೆದುಕೊಂಡನೆಂದೂ, ಅವರು ಆ ಕನ್ಸೋಲ್ ಪೀಳಿಗೆಯುದ್ದಕ್ಕೂ (ಮುಂದಿನ ಕನ್ಸೋಲ್ ಬರುವವರೆಗೂ) ತಲಾ 20 ಗೇಮ್ ಕೊಳ್ಳುವವರಾಗಿದ್ದರೆಂದೂ ಊಹಿಸಿದರೆ ಕಳೆದುಕೊಂಡದ್ದು 80 ಕೋಟಿ. ಅವರಿಗೆ ಯಂತ್ರ ಮಾರಿ ಆಗುತ್ತಿದ್ದ 8 ಕೋಟಿಯ ನಷ್ಟ ತಪ್ಪಿತು, ಆದ್ದರಿಂದ ನಿಜವಾದ ಹಾನಿ 72 ಕೋಟಿ. ಒಂದು ಕಡೆ 76, ಇನ್ನೊಂದು ಕಡೆ 72: ತಕ್ಕಡಿ ಹೆಚ್ಚುಕಡಿಮೆ ಸಮವಾಗಿದೆ. ಇಲ್ಲಿ ಗಮನಿಸಬೇಕಾದದ್ದು, ಶಾಶ್ವತವಾಗಿ ಕೈತಪ್ಪುವ ಗ್ರಾಹಕರ ಸಂಖ್ಯೆ ಸ್ವಲ್ಪ ಏರಿದರೂ ಉತ್ತರ ತಲೆಕೆಳಗಾಗುತ್ತದೆ ಎಂಬುದು. ಕಂಪನಿಗೆ ಅತ್ಯಂತ ಕಷ್ಟದ ಅಂದಾಜು ಇದೇ. ಉಳಿದ ಅಂಕಿಗಳು ಬಹುಮಟ್ಟಿಗೆ ಅದರ ಲೆಕ್ಕಪತ್ರದಲ್ಲೇ ಸಿಗುತ್ತವೆ. ಸಹಪಾಠಿಗಳು ಬೇರೆ ಬೇರೆ ಅಂಕಿಗಳನ್ನು ಹಾಕಿ ಈ ಲೆಕ್ಕವನ್ನು ಮಾಡಿ ನೋಡುವುದು ಒಳ್ಳೆಯದು.

ಮೊದಲು ಬರುವುದರ ಲಾಭಕ್ಕೆ ಎಲ್ಲರೂ ಕೊಡುವ ಉದಾಹರಣೆ ಮೈಕ್ರೋಸಾಫ್ಟ್‌ನ ಎಕ್ಸ್‌ಬಾಕ್ಸ್ 360. ಅದು 2005ರ ನವೆಂಬರ್‌ನಲ್ಲಿ, ಸೋನಿಯ ಪ್ಲೇಸ್ಟೇಷನ್ 3ಕ್ಕಿಂತ ಒಂದು ವರ್ಷ ಮೊದಲು ಬಂದು, ಹಿಂದಿನ ಪೀಳಿಗೆಯಲ್ಲಿ ಬಹಳ ಹಿಂದೆ ಬಿದ್ದಿದ್ದ ಕಂಪನಿಯನ್ನು ಸರಿಸಮಾನ ಸ್ಪರ್ಧಿಯನ್ನಾಗಿ ಮಾಡಿತು. ಆದರೆ ಯಂತ್ರಗಳು ವ್ಯಾಪಕವಾಗಿ ಕೆಟ್ಟುಹೋದದ್ದರಿಂದ 2007ರ ಜುಲೈನಲ್ಲಿ ಖಾತರಿಯನ್ನು 3 ವರ್ಷಕ್ಕೆ ವಿಸ್ತರಿಸಿ ಅದಕ್ಕಾಗಿ 100 ಕೋಟಿ ಡಾಲರಿಗೂ ಹೆಚ್ಚು ಹಣವನ್ನು ತೆಗೆದಿಡಬೇಕಾಯಿತು. ಆ ನಡೆ ಫಲಿಸಿದ್ದಕ್ಕೆ ಇನ್ನೊಂದು ಕಾರಣವನ್ನೂ ಮರೆಯಬಾರದು: ಮೂಲ ಎಕ್ಸ್‌ಬಾಕ್ಸ್‌ನಿಂದ ಬರುತ್ತಿದ್ದ ಗಳಿಕೆ ಅಷ್ಟಕ್ಕಷ್ಟೇ ಇದ್ದುದರಿಂದ ಅದನ್ನು ಬೇಗ ಮುಗಿಸಿದರೆ ಕಳೆದುಕೊಳ್ಳಲು ಹೆಚ್ಚೇನೂ ಇರಲಿಲ್ಲ. ಹಿಂದುಳಿದವನು ಬೇಗ ಹೊರಡುವುದೂ ಮುಂದಿರುವವನು ಕಾಯುವುದೂ ಇದೇ ಲೆಕ್ಕದಿಂದ ಹುಟ್ಟುತ್ತವೆ.

ಅವಸರ ಹೇಗೆ ಹಾಳುಮಾಡುತ್ತದೆ ಎಂಬುದಕ್ಕೆ 1995ರ ಮೇ 11ರ ಲಾಸ್ ಏಂಜಲೀಸ್‌ನ ಇ3 ಎಂಬ ವಿಡಿಯೋ ಗೇಮ್ ಉದ್ಯಮದ ಮೇಳವನ್ನು ಹತ್ತಿರದಿಂದ ನೋಡಬೇಕು. ಸೆಗಾ ಕಂಪನಿ ತನ್ನ ಸ್ಯಾಟರ್ನ್ ಕನ್ಸೋಲ್ ಅಮೆರಿಕದಲ್ಲಿ ಸೆಪ್ಟೆಂಬರ್ 2ರಂದು ಬರುತ್ತದೆ ಎಂದು ಮೊದಲೇ ಸಾರಿತ್ತು. ಮೇಳದ ವೇದಿಕೆಯಲ್ಲಿ ಅದರ ಅಮೆರಿಕ ವಿಭಾಗದ ಮುಖ್ಯಸ್ಥ ಟಾಮ್ ಕಲಿನ್‌ಸ್ಕೆ, ಯಂತ್ರ ಆಗಲೇ ಅಂಗಡಿಗಳಿಗೆ ಬಂದಿದೆ, ಬೆಲೆ 399 ಡಾಲರ್ ಎಂದು ಪ್ರಕಟಿಸಿದರು. ಅದೇ ದಿನ ಸೋನಿಯ ಸ್ಟೀವ್ ರೇಸ್ ವೇದಿಕೆಗೆ ಬಂದು ‘299’ ಎಂಬ ಒಂದೇ ಸಂಖ್ಯೆಯನ್ನು ಹೇಳಿ ಇಳಿದುಹೋದರು. ಅದು ಪ್ಲೇಸ್ಟೇಷನ್‌ನ ಬೆಲೆ. ಸ್ಯಾಟರ್ನ್ ಮೊದಲು ಸಿಕ್ಕಿದ್ದು ಆಯ್ದ ನಾಲ್ಕು ಮಾರಾಟ ಸರಪಳಿಗಳಿಗೆ ಮಾತ್ರ, ಹೀಗಾಗಿ ಕೈಬಿಟ್ಟುಹೋದ ಮಾರಾಟಗಾರರು ಸಿಟ್ಟಿಗೆದ್ದರು. ಸೆಪ್ಟೆಂಬರನ್ನು ನಂಬಿ ಗೇಮ್ ತಯಾರಿಸುತ್ತಿದ್ದ ಹೊರಗಿನ ಸ್ಟುಡಿಯೋಗಳ ಕೆಲಸ ಮುಗಿದೇ ಇರಲಿಲ್ಲ. ಸೆಗಾ ಗಳಿಸಿದ ನಾಲ್ಕು ತಿಂಗಳಲ್ಲಿ ಆಡಲು ಹೊಸ ಗೇಮ್‌ಗಳು ಬೆರಳೆಣಿಕೆಯಷ್ಟು. ಬಿಡುಗಡೆಯ ದಿನಾಂಕವೆಂಬುದು ಕಂಪನಿಯೊಂದರ ಒಳಗಿನ ಗುಟ್ಟಲ್ಲ, ಮಾರಾಟಗಾರರಿಗೂ ಗೇಮ್ ತಯಾರಕರಿಗೂ ಕೊಟ್ಟ ಮಾತು ಎಂಬುದನ್ನು ಈ ಪ್ರಸಂಗದಷ್ಟು ಚೆನ್ನಾಗಿ ಬೇರೆ ಯಾವುದೂ ತೋರಿಸುವುದಿಲ್ಲ.

ಗೇಮ್‌ಗಳ ಸಿದ್ಧತೆಯ ಮಾತು ಬಂದಾಗ ನಿಂಟೆಂಡೊದ ಎರಡು ಅನುಭವಗಳನ್ನು ಜೊತೆಗಿಟ್ಟು ಓದಬೇಕು. 2011ರ ಮಾರ್ಚ್‌ನಲ್ಲಿ ಅಮೆರಿಕಕ್ಕೆ ಬಂದ, ಕೈಯಲ್ಲಿ ಹಿಡಿದು ಆಡುವ 3ಡಿಎಸ್ ಕನ್ಸೋಲ್‌ನ ಆರಂಭದ ಗೇಮ್‌ಗಳಲ್ಲಿ ಜನರನ್ನು ಸೆಳೆಯುವಂಥದ್ದು ಇರಲಿಲ್ಲ. ಐದೇ ತಿಂಗಳಲ್ಲಿ ಅದರ ಬೆಲೆಯನ್ನು 249.99 ಡಾಲರಿನಿಂದ 169.99ಕ್ಕೆ ಇಳಿಸಬೇಕಾಯಿತು. 2017ರ ಮಾರ್ಚ್ 3ರಂದು ಬಂದ ಸ್ವಿಚ್ ಜೊತೆಗೆ ಅದೇ ದಿನ ಜೆಲ್ಡಾ ಸರಣಿಯ ದೊಡ್ಡ ಗೇಮ್ ಇತ್ತು, ವರ್ಷ ಮುಗಿಯುವುದರೊಳಗೆ ಮಾರಿಯೋ ಸರಣಿಯ ಹೊಸ ಗೇಮೂ ಬಂತು. ನವೆಂಬರ್‌ನ ಹಬ್ಬದ ಮಾರಾಟಕ್ಕೆ ಸರಿಯಾಗಿ ಬರಬೇಕೆಂಬ ರೂಢಿಯ ನಿಯಮವನ್ನು ಸ್ವಿಚ್ ಪಾಲಿಸಲಿಲ್ಲ, ಅದರಿಂದ ಅದಕ್ಕೆ ಹಾನಿಯೂ ಆಗಲಿಲ್ಲ. ತಿಂಗಳಿನ ಆಯ್ಕೆ ಈ ವಿಷಯದಲ್ಲಿ ಎರಡನೆಯ ದರ್ಜೆಯ ಪ್ರಶ್ನೆ ಎಂದೇ ನನ್ನ ಅಭಿಪ್ರಾಯ.

ಹಾಗೆಂದು ಕಾಯುವುದಕ್ಕೂ ಮಿತಿಯಿದೆ. ನಿಂಟೆಂಡೊದ ವೀ 2009ರ ಮಾರ್ಚ್‌ಗೆ ಮುಗಿದ ಆರ್ಥಿಕ ವರ್ಷದಲ್ಲಿ ಸುಮಾರು 2.6 ಕೋಟಿ ಮಾರಾಟವಾಗಿತ್ತು; ಮೂರು ವರ್ಷಗಳ ನಂತರ ಅದು 1 ಕೋಟಿಗಿಂತ ಕೆಳಗಿಳಿಯಿತು. ಉತ್ತರಾಧಿಕಾರಿಯಾದ ವೀ ಯು ಬಂದದ್ದು 2012ರ ನವೆಂಬರ್‌ನಲ್ಲಿ. ಅಷ್ಟರಲ್ಲಿ ವೀ ಕಟ್ಟಿದ್ದ ಬಳಗ ಚದುರಿಹೋಗಿತ್ತು, ಹೊಸ ಯಂತ್ರ ಏನೆಂಬುದು ಅನೇಕರಿಗೆ ತಿಳಿಯಲೇ ಇಲ್ಲ, ಮತ್ತು ಅದರ ಒಟ್ಟು ಮಾರಾಟ ಸುಮಾರು 1.36 ಕೋಟಿಗೆ ನಿಂತಿತು. ವೀ ಯು ಸೋಲಿಗೆ ಕಾಲವೊಂದೇ ಕಾರಣವಲ್ಲವಾದರೂ, ಹಳೆಯ ಕನ್ಸೋಲಿನ ಬಳಕೆದಾರರು ಇನ್ನೂ ಆಟದಲ್ಲಿ ತೊಡಗಿರುವಾಗಲೇ ಅವರನ್ನು ಹೊಸದಕ್ಕೆ ದಾಟಿಸಬೇಕೆಂಬುದಕ್ಕೆ ಇದು ಬಲವಾದ ಸಾಕ್ಷಿ.

ಬಿಡುಗಡೆಯ ದಿನಾಂಕದಷ್ಟೇ ಮುಖ್ಯವಾದುದು ಘೋಷಣೆಯ ದಿನಾಂಕ. ಹೊಸದು ಬರುತ್ತದೆಂದು ತಿಳಿದ ಗ್ರಾಹಕ ಹಳೆಯದನ್ನು ಕೊಳ್ಳುವುದನ್ನು ಮುಂದೂಡುತ್ತಾನೆ, ಹಾಗಾಗಿ ತೀರಾ ಮುಂಚಿನ ಘೋಷಣೆ ಸ್ವಂತ ಮಾರಾಟಕ್ಕೇ ಪೆಟ್ಟು ಕೊಡುತ್ತದೆ. ಆದರೆ ಅದೇ ಘೋಷಣೆ ಎದುರಾಳಿಯ ಮಾರಾಟವನ್ನೂ ತಡೆಯಬಲ್ಲದು. ಸೆಗಾದ ಡ್ರೀಮ್‌ಕಾಸ್ಟ್ ಅಮೆರಿಕಕ್ಕೆ ಬಂದದ್ದು 1999ರ ಸೆಪ್ಟೆಂಬರ್ 9ರಂದು. ಅದಕ್ಕೆ ಆರು ತಿಂಗಳು ಮೊದಲೇ ಸೋನಿ ಪ್ಲೇಸ್ಟೇಷನ್ 2 ಬಗ್ಗೆ ಪ್ರಕಟಿಸಿ ಬಹಳಷ್ಟು ಜನರನ್ನು ಕಾಯುವಂತೆ ಮಾಡಿತ್ತು. ಒಂದು ವರ್ಷಕ್ಕೂ ಹೆಚ್ಚಿನ ಮುನ್ನಡೆ ಇದ್ದರೂ ಸೆಗಾ 2001ರ ಜನವರಿಯಲ್ಲಿ ಕನ್ಸೋಲ್ ತಯಾರಿಕೆಯಿಂದ ಹಿಂದೆ ಸರಿಯುವುದಾಗಿ ಹೇಳಿತು. ಮುನ್ನಡೆಯ ಬೆಲೆ ಅಳೆಯುವಾಗ ಆ ಅವಧಿಯಲ್ಲಿ ಎದುರಾಳಿಯ ಗ್ರಾಹಕರು ಕಾಯಲು ಸಿದ್ಧರಿದ್ದಾರೆಯೇ ಎಂದು ಕೇಳಿಕೊಳ್ಳಬೇಕು.

ಕೊನೆಗೆ, ಮೇಲಿನ ಲೆಕ್ಕದ ಒಂದು ಅಂಶ ಈಚೆಗೆ ದುರ್ಬಲವಾಗಿದೆ. ಕಾದರೆ ಬಿಡಿಭಾಗಗಳು ಅಗ್ಗವಾಗುತ್ತವೆ ಎಂಬ ನಂಬಿಕೆಗೆ ಹಿಂದಿನ ಪೀಳಿಗೆಗಳಲ್ಲಿ ಆಧಾರವಿತ್ತು; ಆದರೆ 2020ರಲ್ಲಿ ಬಂದ ಪ್ಲೇಸ್ಟೇಷನ್ 5ರ ಬೆಲೆಯನ್ನು ಸೋನಿ 2022ರಲ್ಲಿ ಹಲವು ದೇಶಗಳಲ್ಲಿ ಏರಿಸಿತು. ಚಿಪ್‌ಗಳನ್ನು ಕಿರಿದಾಗಿಸಿ ಉಳಿತಾಯ ಮಾಡುವುದು ಮೊದಲಿನಷ್ಟು ಸುಲಭವಾಗಿ ಉಳಿದಿಲ್ಲ. ನಮ್ಮ ಉದಾಹರಣೆಯಲ್ಲಿ ಯಂತ್ರವೊಂದರ ನಷ್ಟ 50 ಡಾಲರಿನಿಂದ ಇಳಿಯದೆಯೇ ಉಳಿದರೆ ಕಾಯುವುದರ ಅನುಕೂಲ 76 ಕೋಟಿಯಿಂದ 40 ಕೋಟಿಗೆ ಇಳಿಯುತ್ತದೆ, ಆಗ ಕಾಯಲು ಉಳಿಯುವ ಕಾರಣಗಳು ಹಳೆಯ ಕನ್ಸೋಲಿನ ಗಳಿಕೆ ಮತ್ತು ಹೊಸ ಗೇಮ್‌ಗಳ ಸಿದ್ಧತೆ ಇವೆರಡೇ.