ಅಶ್ವಿನಿ ಸಸ್ಯನಾಶಿನಿ: ಬೇಸಿಗೆ ಮಳೆಯ ಗಾದೆಗಳು ಎಷ್ಟು ಹಳೆಯವು?

ಪ್ರಶ್ನೆ: "ಅಶ್ವಿನಿ ಸಸ್ಯನಾಶಿನಿ", "ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ" ಎಂದು ತೀರ್ಥಹಳ್ಳಿ ಕಡೆಯ ನಮ್ಮ ಹಿರಿಯರು ಹೇಳುತ್ತಿರುತ್ತಾರೆ. ಈ ಮಾತುಗಳು ಎಲ್ಲಿಂದ ಬಂದವು? ಇವುಗಳಿಗೆ ಈಗಲೂ ಅರ್ಥವಿದೆಯೇ?

ಉತ್ತರ: ಸೂರ್ಯನು 27 ನಕ್ಷತ್ರಗಳಲ್ಲಿ ಒಂದೊಂದರಲ್ಲೂ ಹದಿಮೂರು–ಹದಿನಾಲ್ಕು ದಿನ ಇರುತ್ತಾನೆ ಎಂಬುದು ಪಂಚಾಂಗದ ಲೆಕ್ಕ. ಅಶ್ವಿನಿ ಹುಟ್ಟುವುದು ಏಪ್ರಿಲ್ 14ರ ಸುಮಾರಿಗೆ, ಭರಣಿ 27ರ ಸುಮಾರಿಗೆ. ಆ ದಿನಗಳಲ್ಲಿ ಸುರಿದ ಮಳೆಗೆ ಆಯಾ ನಕ್ಷತ್ರದ್ದೇ ಹೆಸರು. ಮಳೆಯ ಲೆಕ್ಕಕ್ಕೆ ರೈತರು ತಿಥಿಯನ್ನು ಹಿಡಿಯಲಿಲ್ಲ, ಏಕೆಂದರೆ ತಿಥಿ ಹಿಂದೆ ಮುಂದೆ ಸರಿಯುತ್ತದೆ. "ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಹೋಯಿತು" ಎನ್ನುತ್ತೇವಾದರೂ ಶಿವರಾತ್ರಿ 2024ರಲ್ಲಿ ಮಾರ್ಚ್ 8ಕ್ಕೆ, 2025ರಲ್ಲಿ ಫೆಬ್ರವರಿ 26ಕ್ಕೆ ಬಂದಿತು. ಬಿತ್ತುವವರಿಗೆ ಇಷ್ಟು ಅಂತರ ಒಗ್ಗುವುದಿಲ್ಲ.

ಅಶ್ವಿನಿಗೆ ಕೆಟ್ಟ ಹೆಸರು ಬಂದದ್ದಕ್ಕೆ ಮಲೆನಾಡಿನಲ್ಲಿ ಕಾರಣ ಕಣ್ಣೆದುರೇ ಇದೆ. ಇಲ್ಲಿ ಮುಂಗಾರು ಹಿಡಿಯುವುದು ಸಾಮಾನ್ಯವಾಗಿ ಜೂನ್ ಮೊದಲ ಭಾಗದಲ್ಲಿ. ಏಪ್ರಿಲ್ ಮಧ್ಯದ ಒಂದು ಸಂಜೆ ಗುಡುಗಿ ಸುರಿದ ಮಳೆಯನ್ನು ನಂಬಿ ಬೀಜ ಹಾಕಿದರೆ, ಮೊಳಕೆಯೊಡೆದ ಸಸಿ ಮುಂದಿನ ಆರೇಳು ವಾರಗಳ ಬಿಸಿಲಿಗೆ ಸಿಕ್ಕಿ ಒಣಗುತ್ತದೆ. ಗಾಳಿ, ಆಲಿಕಲ್ಲು ಜೊತೆಗೂಡಿದರೆ ಉಪ್ಪಿನಕಾಯಿಗೆ ಕಾಯುತ್ತಿದ್ದ ಮಾವಿನ ಮಿಡಿ ಮರದಡಿ ಹಾಸಿಬಿಡುತ್ತದೆ. ಕೊಟ್ಟಿಗೆಗೆಂದು ಗುಡಿಸಿ ರಾಶಿ ಹಾಕಿದ ದರಕು (ಒಣ ಎಲೆ) ನೆನೆದು ಹಾಳಾಗುತ್ತದೆ. ಭರಣಿಯ ಹೊತ್ತಿಗೆ ಮುಂಗಾರು ಎರಡು ವಾರ ಹತ್ತಿರವಾಗಿರುವುದರಿಂದ ಅದೇ ಮಳೆ ಮೊದಲ ಉಳುಮೆಗೆ, ಶುಂಠಿ ನೆಡುವುದಕ್ಕೆ ಹದ ತರುತ್ತದೆ. ಚಿಕ್ಕಮಗಳೂರಿನ ಕಾಫಿ ಬೆಳೆಗಾರರು ಮಾತ್ರ ಮಾರ್ಚ್–ಏಪ್ರಿಲ್ ಮಳೆಗೇ ಕಾಯುತ್ತಾರೆ, ಏಕೆಂದರೆ ಕಾಫಿ ಮೊಗ್ಗು ಅರಳಲು ಆ ಮಳೆ ಬೇಕು. ಹಾಗಾಗಿ ಅಶ್ವಿನಿಯನ್ನು ಹಳಿದ ಮಾತು ಕಾಫಿ ತೋಟದಲ್ಲಿ ಹುಟ್ಟಿದ್ದಲ್ಲ ಎಂದು ಧೈರ್ಯವಾಗಿ ಹೇಳಬಹುದು.

ಇನ್ನು ವಯಸ್ಸಿನ ಮಾತು. ಮಳೆಯ ಲಕ್ಷಣಗಳನ್ನು ಬರೆದಿಡುವ ಪದ್ಧತಿ ಹಳೆಯದು: ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ಮೋಡಗಳ ಗರ್ಭಲಕ್ಷಣದ, ಅಂದರೆ ಮುಂದೆ ಬರುವ ಮಳೆಯನ್ನು ಮೊದಲೇ ತೋರುವ ಗುರುತುಗಳ, ಅಧ್ಯಾಯವಿದೆ, ಕನ್ನಡದಲ್ಲಿ ಸುಮಾರು 1300ರ ರಟ್ಟಕವಿಯ ರಟ್ಟಮತ ಮಳೆ, ಮಿಂಚು, ಶಕುನಗಳನ್ನು ಕುರಿತದ್ದು. ಆದರೆ ಗಾದೆಗಳೂ ಅಷ್ಟೇ ಹಳೆಯವೆನ್ನಲು ಆಕಾಶವೇ ಅಡ್ಡಿ. ಭೂಮಿಯ ಅಕ್ಷ ನಿಧಾನವಾಗಿ ತಿರುಗುವುದರಿಂದ ನಕ್ಷತ್ರದ ಲೆಕ್ಕ ಋತುವಿಗಿಂತ ಸುಮಾರು 72 ವರ್ಷಕ್ಕೆ ಒಂದು ದಿನ ಹಿಂದೆ ಬೀಳುತ್ತದೆ. ರಟ್ಟಕವಿಯ ಕಾಲದಲ್ಲಿ ಅಶ್ವಿನಿ ಋತುವಿನ ಲೆಕ್ಕದಲ್ಲಿ ಈಗಿಗಿಂತ ಸುಮಾರು ಹತ್ತು ದಿನ ಮೊದಲೇ ಬರುತ್ತಿತ್ತು. ಸಾವಿರ ವರ್ಷಕ್ಕೆ ಹೆಚ್ಚುಕಡಿಮೆ ಒಂದು ನಕ್ಷತ್ರದಷ್ಟೇ ವ್ಯತ್ಯಾಸ. ಅಶ್ವಿನಿ–ಭರಣಿಗಳ ನಡುವೆ ಇಷ್ಟು ಕಟ್ಟುನಿಟ್ಟಾದ ಗೆರೆ ಎಳೆಯುವ ಮಾತು ಇಂದಿನ ಮಳೆಗೆ ಹೊಂದುತ್ತಿರುವುದನ್ನು ನೋಡಿದರೆ, ಈಗಿನ ರೂಪದಲ್ಲಿ ಅದು ಕೆಲವೇ ಶತಮಾನಗಳದ್ದೆಂಬುದು ನನ್ನ ಅಭಿಪ್ರಾಯ.

ಎಲ್ಲವೂ ಮಲೆನಾಡಿನವೂ ಅಲ್ಲ. "ರೋಹಿಣಿ ಮಳೆ ಬಂದರೆ ಓಣಿಯೆಲ್ಲ ಜೋಳ" ಎಂಬ ಮಾತನ್ನು ಇಲ್ಲಿಯೂ ಹೇಳುವುದುಂಟು, ಆದರೆ ಜೋಳ ಬಯಲುಸೀಮೆಯ ಬೆಳೆ. ಭರಣಿ–ಧರಣಿ, ರೋಹಿಣಿ–ಓಣಿ ಎಂಬ ಪ್ರಾಸದ ಬಲದಿಂದಲೇ ಇವು ಊರು ದಾಟಿ ನಾಲಿಗೆಯ ಮೇಲೆ ಉಳಿದಿವೆ. ಗೋಡೆಯ ಕ್ಯಾಲೆಂಡರುಗಳು ಇಂದಿಗೂ ಮಳೆ ನಕ್ಷತ್ರ ಹುಟ್ಟುವ ದಿನವನ್ನು ಅಚ್ಚು ಹಾಕುವುದರಿಂದ ಹೆಸರುಗಳಂತೂ ಮರೆತಿಲ್ಲ. ಶುಂಠಿ ನೆಡಲು ಭೂಮಿ ಸಿದ್ಧಮಾಡಿಕೊಂಡವರು ಏಪ್ರಿಲ್ ಕೊನೆಯಲ್ಲಿ ಭರಣಿ ಯಾವ ದಿನ ಹುಟ್ಟುತ್ತದೆಂದು ಅದರಲ್ಲಿಯೇ ನೋಡುತ್ತಾರೆ.