ಕೋಜನ್ ಅಂದರೆ ಏನು?

ಮಂಡ್ಯ, ಬೆಳಗಾವಿ, ಬಾಗಲಕೋಟೆ ಕಡೆಯ ಸಕ್ಕರೆ ಕಾರ್ಖಾನೆಗಳ ಸುದ್ದಿಯಲ್ಲಿ ‘ಕೋಜನ್’ ಎಂಬ ಮಾತು ಆಗಾಗ ಬರುತ್ತದೆ. ಕೋಜನರೇಷನ್ ಎಂಬುದರ ಮೊಟಕು ರೂಪ ಇದು. ಪತ್ರಿಕೆಗಳು ಇದನ್ನು ‘ಸಹ-ವಿದ್ಯುತ್ ಘಟಕ’ ಅಂತಲೂ ಬರೆಯುತ್ತವೆ. ಕಬ್ಬಿನ ಸಿಪ್ಪೆ ಸುಟ್ಟು ಕರೆಂಟು ಮಾಡುವುದೇ ಕೋಜನ್ ಅಂತ ಬಹಳ ಜನ ತಿಳಿದಿದ್ದಾರೆ. ಅದು ಅರ್ಧ ಮಾತ್ರ. ಸಿಪ್ಪೆಯ ಬೆಂಕಿಯಿಂದ ಬಂದ ಉಗಿ ಮೊದಲು ಕರೆಂಟು ಮಾಡುವ ಯಂತ್ರ ತಿರುಗಿಸುತ್ತದೆ. ಆಮೇಲೆ ಅದೇ ಉಗಿ ಕಬ್ಬಿನ ಹಾಲನ್ನು ಕುದಿಸುತ್ತದೆ. ಈ ಎರಡೂ ಕೆಲಸ ಒಂದೇ ಬೆಂಕಿಯಿಂದ ಆದರೆ ಅದು ಕೋಜನ್.

ಎರಡನೇ ಕೆಲಸಕ್ಕೇ ಬೆಲೆ ಜಾಸ್ತಿ. ಇಡ್ಲಿ ಪಾತ್ರೆಯ ಮುಚ್ಚಳ ತೆಗೆಯುವಾಗ ಉಗಿ ತಾಗಿ ಕೈ ಸುಟ್ಟುಕೊಂಡವರಿಗೆ ಇದರ ಕಾರಣ ಬೇಗ ಗೊತ್ತಾಗುತ್ತದೆ. ಒಂದು ಕೆಜಿ ನೀರನ್ನು 30 ಡಿಗ್ರಿಯಿಂದ 100 ಡಿಗ್ರಿಗೆ ಕಾಯಿಸಲು ಸುಮಾರು 293 ಕಿಲೋಜೌಲ್ ಶಾಖ ಸಾಕು. ಕುದಿಯುವ ಆ ನೀರನ್ನು ಪೂರ್ತಿ ಉಗಿ ಮಾಡಲು ಇನ್ನೂ 2,257 ಕಿಲೋಜೌಲ್ ಬೇಕು. ಎಂಜಿನ್ ಇದರಲ್ಲಿ ಚೂರುಪಾರು ಮಾತ್ರ ಬಳಸಿಕೊಳ್ಳುತ್ತದೆ. ಉಗಿಯನ್ನು ಹೊರಕ್ಕೆ ಬಿಡುವ ಸಣ್ಣ ಪಿಸ್ಟನ್ ಎಂಜಿನ್ನುಗಳ ದಕ್ಷತೆ 5ರಿಂದ 10 ಪರ್ಸೆಂಟ್ ಇದ್ದರೆ ಹೆಚ್ಚು. ಉಳಿದ ಶಾಖದಲ್ಲಿ ಬಹುಪಾಲು ಹೊರಬೀಳುವ ಉಗಿಯಲ್ಲೇ ಇರುತ್ತದೆ. ಆ ಉಗಿಯನ್ನು ಸುಮ್ನೆ ಗಾಳಿಗೆ ಬಿಟ್ಟರೆ ಉಗಿ ಎಂಜಿನ್ನಿನಷ್ಟು ದಂಡದ ಯಂತ್ರ ಇನ್ನೊಂದಿಲ್ಲ.

ಸಕ್ಕರೆ ಮಾಡುವವರಿಗೆ ಆ ಉಗಿ ಬೇಕೇ ಬೇಕು. ಲೆಕ್ಕ ಹಾಕಿ ನೋಡಿ. 100 ಕೆಜಿ ಕಬ್ಬಿನ ಹಾಲಿನಲ್ಲಿ ಕರಗಿರುವ ಅಂಶ 15 ಕೆಜಿ ಅಂದುಕೊಳ್ಳೋಣ. ಅದು 60 ಪರ್ಸೆಂಟಿನ ಗಟ್ಟಿ ಪಾಕ ಆಗಬೇಕಾದರೆ 75 ಕೆಜಿ ನೀರು ಆವಿಯಾಗಬೇಕು. ಒಂದೇ ಪಾತ್ರೆಯಲ್ಲಿ ಕುದಿಸಿದರೆ ಹೆಚ್ಚುಕಡಿಮೆ ಅಷ್ಟೇ ತೂಕದ ಉಗಿ ಖರ್ಚು. ಇಲ್ಲೊಂದು ಜಾಣತನ ಮಾಡಿದವರು ಅಮೆರಿಕದ ಲೂಸಿಯಾನಾದ ನಾರ್ಬರ್ಟ್ ರಿಲ್ಯೂ. 1806ರಲ್ಲಿ ನ್ಯೂ ಆರ್ಲಿಯನ್ಸ್‌ನಲ್ಲಿ ಹುಟ್ಟಿದ ಇವರಿಗೆ ಈ ವಿಧಾನಕ್ಕೆ 1843ರಲ್ಲಿ ಪೇಟೆಂಟ್ ಸಿಕ್ಕಿತು. ಎಂಜಿನ್ನಿನಿಂದ ಹೊರಬಂದ ಉಗಿಯನ್ನು ಮೊದಲ ಪಾತ್ರೆಗೆ ಕೊಟ್ಟರು. ಅಲ್ಲಿ ಹಾಲು ಕುದ್ದು ಎದ್ದ ಆವಿಯಿಂದಲೇ ಎರಡನೇ ಪಾತ್ರೆ ಕಾಯಿಸಿದರು. ಎರಡನೆಯದರಲ್ಲಿ ಒತ್ತಡ ಕಡಿಮೆ ಇಟ್ಟರೆ ಹಾಲು ಕಡಿಮೆ ಶಾಖಕ್ಕೇ ಕುದಿಯುತ್ತದೆ. ಹೀಗೆ ನಾಲ್ಕು ಪಾತ್ರೆ ಸಾಲಾಗಿಟ್ಟರೆ ಉಗಿಯ ಖರ್ಚು ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಇವತ್ತಿನ ನಮ್ಮ ಕಾರ್ಖಾನೆಗಳಲ್ಲೂ ಇದೇ ವಿಧಾನ. ಕೋಜನ್ ಕಥೆಯಲ್ಲಿ ಉಗಿಯ ರಭಸಕ್ಕೆ ತಿರುಗಿ ಕರೆಂಟು ಮಾಡುವ ಟರ್ಬೈನಿಗಿಂತ ರಿಲ್ಯೂ ದೊಡ್ಡವರು ಅನ್ನುವುದು ನನ್ನ ಲೆಕ್ಕ.

ನಮ್ಮ ಆಲೆಮನೆಯಲ್ಲೂ ಸಿಪ್ಪೆಯೇ ಉರುವಲು. ಗಾಣದಿಂದ ಬಿದ್ದ ಹಸಿ ರಚ್ಚನ್ನು ಅಂಗಳದಲ್ಲಿ ಹರಡಿ ಒಣಗಿಸಿ, ಕೊಪ್ಪರಿಗೆಯ ಕೆಳಗಿನ ಒಲೆಗೆ ತುಂಬುತ್ತಾರೆ. ಗಾಣ ತಿರುಗಲು ಮಾತ್ರ ಕರೆಂಟೋ ಡೀಸೆಲ್ಲೋ ಬೇಕು. ಬೆಂಕಿ ಒಂದೇ ಕೆಲಸ ಮಾಡುತ್ತದೆ, ಕೊಪ್ಪರಿಗೆಯಿಂದ ಎದ್ದ ಆವಿ ಗಾಳಿ ಸೇರುತ್ತದೆ. ಹಾಗಾಗಿ ಅದು ಕೋಜನ್ ಅಲ್ಲ.

ಉಗಿ ಎಂಜಿನ್ ಅಂದರೆ ಕಲ್ಲಿದ್ದಲು, ಕರಿ ಹೊಗೆ, ಹಳೇ ರೈಲು ನೆನಪಾಗುತ್ತವೆ. ಅದು ನವೀಕರಿಸಬಹುದಾದ ಇಂಧನದ ಸಾಲಿಗೆ ಹೇಗೆ ಬಂತು ಅಂತ ಕೇಳಬಹುದು. ಡೀಸೆಲ್ ಎಂಜಿನ್ನಿನಲ್ಲಿ ಬೆಂಕಿ ಸಿಲಿಂಡರಿನ ಒಳಗೇ ಹತ್ತುತ್ತದೆ, ಅದಕ್ಕೆ ತಕ್ಕ ಎಣ್ಣೆಯೇ ಬೇಕು. ಉಗಿ ಎಂಜಿನ್ನಿನ ಬೆಂಕಿ ಹೊರಗೆ, ಬಾಯ್ಲರಿನ ಕೆಳಗೆ. ಅಲ್ಲಿ ಏನು ಉರಿದರೂ ಎಂಜಿನ್ನಿಗೆ ಸಿಗುವುದು ಉಗಿ ಅಷ್ಟೇ. 1870ರ ದಶಕದಲ್ಲಿ ಇಂಗ್ಲೆಂಡಿನ ಇಪ್ಸ್‌ವಿಚ್‌ನ ರಾನ್ಸಮ್ಸ್ ಕಂಪನಿ ಹುಲ್ಲು ಉರಿಸುವ ಎಂಜಿನ್ನುಗಳನ್ನೇ ಮಾಡಿತು. ಸೌದೆ, ಕಲ್ಲಿದ್ದಲು ಎರಡೂ ಸಿಗದ ಬಯಲು ಸೀಮೆಗಳಲ್ಲಿ ಗೋಧಿ ಒಕ್ಕುವಾಗ ಆ ಗೋಧಿಯ ಹುಲ್ಲೇ ಉರುವಲಾಯಿತು. ಬರ್ಮಾದ ರಂಗೂನಿನ ಅಕ್ಕಿ ಗಿರಣಿಗಳು ಭತ್ತದ ಹೊಟ್ಟು ಸುಟ್ಟು ಓಡುತ್ತಿದ್ದವು. ಇಂಡೊನೇಷ್ಯಾದ ಪೂರ್ವ ಜಾವಾದ ಒಲಿಯಾನ್ ಸಕ್ಕರೆ ಕಾರ್ಖಾನೆಯಲ್ಲಂತೂ ಈ ಶತಮಾನದಲ್ಲೂ ಕಬ್ಬಿನ ಸಿಪ್ಪೆ ಉರಿಸುವ ಪುಟ್ಟ ಉಗಿ ರೈಲುಗಳು ಗದ್ದೆಯಿಂದ ಕಬ್ಬು ಎಳೆದು ತಂದವು. ಸಿಪ್ಪೆ ಸುಟ್ಟಾಗ ಹೋಗುವ ಇಂಗಾಲ ಆ ಕಬ್ಬು ಬೆಳೆಯುವಾಗ ಗಾಳಿಯಿಂದ ತೆಗೆದುಕೊಂಡದ್ದೇ. ಮುಂದಿನ ಬೆಳೆ ಅದನ್ನು ಮತ್ತೆ ಎಳೆದುಕೊಳ್ಳುತ್ತದೆ. ಗೊಬ್ಬರ, ಲಾರಿಯ ಡೀಸೆಲ್ಲಿನ ಲೆಕ್ಕ ಬೇರೆ ಇದೆ ಅನ್ನಿ.

ಒಂದು ಟನ್ ಕಬ್ಬು ಅರೆದರೆ ಸುಮಾರು 300 ಕೆಜಿ ಸಿಪ್ಪೆ ಬರುತ್ತದೆ. ಅದರಲ್ಲಿ ಅರ್ಧ ನೀರೇ. ಆದರೂ ಒಂದು ಕೆಜಿಗೆ ಎರಡು ಕೆಜಿಗೂ ಹೆಚ್ಚು ಉಗಿ ಸಿಗುತ್ತದೆ. ಅಂದರೆ 600 ಕೆಜಿಯ ಮೇಲೆ. ಚೆನ್ನಾಗಿ ನಡೆಯುವ ಕಾರ್ಖಾನೆಗೆ ಟನ್ ಕಬ್ಬಿಗೆ 400ರಿಂದ 450 ಕೆಜಿ ಉಗಿ ಸಾಕು. ಹಳೇ ಕಾರ್ಖಾನೆಗಳಿಗೆ ಈ ಉಳಿಕೆಯೇ ತಲೆನೋವಾಗಿತ್ತು. ಸಿಪ್ಪೆಯ ಗುಡ್ಡ ಕರಗಲಿ ಅಂತ ಬಾಯ್ಲರುಗಳನ್ನು ಬೇಕಂತಲೇ ಸಾಧಾರಣವಾಗಿ ಇಟ್ಟಿದ್ದರು, ಒತ್ತಡ ಚದರ ಸೆಂಟಿಮೀಟರಿಗೆ 21 ಕೆಜಿಯ ಆಸುಪಾಸು. 1990ರ ದಶಕದಲ್ಲಿ ಕೇಂದ್ರ ಸರ್ಕಾರ ಉತ್ತೇಜನ ಕೊಟ್ಟಿತು, ಕರೆಂಟು ಮಾರುವ ದಾರಿಯೂ ತೆರೆಯಿತು. ಆಮೇಲೆ 67, 87, 110 ಕೆಜಿ ಒತ್ತಡದ ಬಾಯ್ಲರುಗಳು ಬಂದವು. ಒತ್ತಡ ಏರಿದಷ್ಟೂ ಅದೇ ಸಿಪ್ಪೆಯಿಂದ ಹೆಚ್ಚು ಯೂನಿಟ್. ಇಲ್ಲೆಲ್ಲ ಪಿಸ್ಟನ್ ಜಾಗದಲ್ಲಿ ಟರ್ಬೈನ್ ಕೂತಿದೆ, ಆದರೆ ಕೆಲಸದ ಕ್ರಮ ಬದಲಾಗಿಲ್ಲ. ಕರ್ನಾಟಕ ಇದರಲ್ಲಿ ಮುಂದಿರುವ ರಾಜ್ಯಗಳಲ್ಲೊಂದು. ಕಬ್ಬು ಅರೆಯುವ ಹಂಗಾಮು ಮಳೆಗಾಲ ಮುಗಿದ ಮೇಲೆ, ಜಲಾಶಯಗಳು ಇಳಿಯುತ್ತಾ ಹೋಗುವ ತಿಂಗಳುಗಳಲ್ಲಿ ಬರುತ್ತದೆ. ಜಲವಿದ್ಯುತ್ತನ್ನೂ ನಂಬಿದ ರಾಜ್ಯಕ್ಕೆ ಇದು ಒಳ್ಳೇ ಹೊಂದಾಣಿಕೆ.

ಹಾಗಾದರೆ ರೈತರೇ ತೋಟದಲ್ಲಿ ಒಂದು ಉಗಿ ಎಂಜಿನ್ ಇಟ್ಟುಕೊಂಡು ಪಂಪ್ ಓಡಿಸಬಹುದಲ್ವಾ? ಓಡಿಸಬಹುದು, ಗಿಟ್ಟುವುದಿಲ್ಲ. 5 ಎಚ್‌ಪಿ ಪಂಪಿಗೆ, ದಕ್ಷತೆ 5 ಪರ್ಸೆಂಟ್ ಅಂತ ಹಿಡಿದರೆ, ಗಂಟೆಗೆ ಸುಮಾರು 20 ಕೆಜಿ ಭತ್ತದ ಹೊಟ್ಟು ಬೇಕು. ಒಂದು ಕ್ವಿಂಟಲ್ ಭತ್ತದಿಂದ ಬರುವ ಹೊಟ್ಟೆಲ್ಲ ಒಂದೇ ಗಂಟೆಗೆ ಖಾಲಿ. ಒಲೆಗೆ ಹಾಕುತ್ತಾ ಕೂರಲು ಒಬ್ಬ ಆಳು ಬೇಕು. ಸಾಲದ್ದಕ್ಕೆ ಬಾಯ್ಲರಿಗೆ ತಪಾಸಣೆ, ಕಾನೂನು. ಬಾಯ್ಲರ್ ಸಿಡಿದರೆ ಆಗುವ ಅನಾಹುತ ಸಣ್ಣದಲ್ಲ, ಹಾಗಾಗಿ ಆ ಕಟ್ಟುನಿಟ್ಟು ಸರಿಯೇ. ಹಗಲು ನೀರೆತ್ತಲು ಸೋಲಾರ್ ಪಂಪೇ ಮೇಲು. ಕರಾವಳಿಯ ಕುಚ್ಚಲಕ್ಕಿ ಮಿಲ್ಲಿನ ಮಾತು ಬೇರೆ. ಅಲ್ಲಿ ಭತ್ತ ಬೇಯಿಸಲು ಉಗಿ, ಒಣಗಿಸಲು ಶಾಖ, ಅಕ್ಕಿ ಮಾಡಲು ಕರೆಂಟು ಮೂರೂ ಬೇಕು, ಹೊಟ್ಟು ಕಾಲಬುಡದಲ್ಲೇ ಬಿದ್ದಿರುತ್ತದೆ. ಕೋಜನ್ ಗಿಟ್ಟುವುದು ಇಂಥ ಕಡೆ.

ಹಂಗಾಮು ಮುಗಿದ ಮೇಲೆ ಕೆಲವು ಘಟಕಗಳು ಕಲ್ಲಿದ್ದಲು ಉರಿಸಿ ಕರೆಂಟು ಮಾಡುತ್ತವೆ. ಆಗ ಕುದಿಸಲು ಕಬ್ಬಿನ ಹಾಲೂ ಇರುವುದಿಲ್ಲ. ಬಾಯ್ಲರ್ ಅದೇ, ಟರ್ಬೈನ್ ಅದೇ, ಗೇಟಿನ ಬೋರ್ಡೂ ಅದೇ. ಆದರೆ ಆ ತಿಂಗಳುಗಳಲ್ಲಿ ಅದು ಕೋಜನ್ನೂ ಅಲ್ಲ, ನವೀಕರಿಸಬಹುದಾದ ಇಂಧನವೂ ಅಲ್ಲ. ಒಂದು ಮಾಮೂಲಿ ಸಣ್ಣ ಕಲ್ಲಿದ್ದಲು ಸ್ಥಾವರ.