ಶೀರ್ಷಿಕೆ ಪುಟದ ಬೆನ್ನಿಗೆ ಏನಿದೆ?

ಹೋದ ಮಳೆಗಾಲದಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ನಮ್ಮ ಗ್ರಂಥಾಲಯಕ್ಕೆ ಬಂದು, ಚೀಲದಿಂದ ಎರಡು ಕಥಾಸಂಕಲನಗಳನ್ನು ತೆಗೆದು ನನ್ನ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟರು. ಲೇಖಕರು ಒಬ್ಬರೇ. ಶೀರ್ಷಿಕೆ ಬೇರೆ, ಮುಖಪುಟ ಬೇರೆ, ಪ್ರಕಾಶಕರೂ ಬೇರೆ. ಎರಡನೆಯದನ್ನು ಅವರು ಪುಸ್ತಕ ಮೇಳದಲ್ಲಿ ಹೊಸದೆಂದು ಕೊಂಡಿದ್ದರು. “ಮೊದಲ ಕಥೆ ಓದುವಾಗಲೇ ಮುಂದೇನಾಗುತ್ತದೆ ಎಂದು ಗೊತ್ತಾಗುತ್ತಿತ್ತು ಮೇಡಂ. ಮೂರನೆಯದರ ಹೊತ್ತಿಗೆ ಕೈಕಾಲು ತಣ್ಣಗಾಯಿತು. ಓದಿದ್ದು ಯಾವುದು, ಓದದೇ ಇದ್ದದ್ದು ಯಾವುದು ಎಂಬುದೇ ತಿಳಿಯುತ್ತಿಲ್ಲ, ನನಗೆ ಮರೆವಿನ ಕಾಯಿಲೆ ಶುರುವಾಯಿತು ಎಂದು ಹೆದರಿಬಿಟ್ಟೆ” ಎಂದರು. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಹಳೆಯ ಸಂಕಲನ ಸಿಕ್ಕಿದ ಮೇಲೆ ಅವರ ಜೀವ ಹಗುರಾಗಿತ್ತು. ಆದರೂ ನಡೆದದ್ದು ಏನೆಂದು ಯಾರಾದರೂ ತಿಳಿಸಿ ಹೇಳಬೇಕಿತ್ತು.

ಇಬ್ಬರೂ ಕುಳಿತು ಪರಿವಿಡಿಗಳನ್ನು ಹೋಲಿಸಿದೆವು. 14 ಕಥೆಗಳಲ್ಲಿ 11 ಹಳೆಯವೇ. ಹೊಸ ಪುಸ್ತಕದ ಶೀರ್ಷಿಕೆ ಪುಟವನ್ನು ಮಗುಚಿದರೆ ಹಿಂಬದಿಯಲ್ಲಿ ‘ಮೊದಲ ಮುದ್ರಣ’ ಎಂಬ ಸಾಲು, ಅದರ ಮುಂದೆ ಅದೇ ವರ್ಷದ ಇಸವಿ. ಹಳೆಯ ಸಂಕಲನದ ಹೆಸರು ಅಲ್ಲಿಲ್ಲ, ಅರಿಕೆಯಲ್ಲಿಲ್ಲ, ಬೆನ್ನುಡಿಯಲ್ಲೂ ಇಲ್ಲ. ಹಣ ಹೋಗಿದ್ದಕ್ಕಿಂತ, ಓದುಗಳೊಬ್ಬಳು ತನ್ನ ನೆನಪನ್ನೇ ಅನುಮಾನಿಸುವಂತಾಯಿತಲ್ಲ ಎಂಬುದು ನನಗೆ ಹೆಚ್ಚು ನೋವುಂಟುಮಾಡಿತು.

ಪುಸ್ತಕಗಳ ವಿವರ ದಾಖಲಿಸಿ ಪಟ್ಟಿ ಮಾಡುವ ಸೂಚೀಕರಣದ ವಿಭಾಗದಲ್ಲಿ ನಾನು 26 ವರ್ಷ ಕಳೆದಿದ್ದೇನೆ. ಪುಸ್ತಕಕ್ಕೆ ನಂಬರು ಬರೆದು ಬೆನ್ನಿಗೆ ಚೀಟಿ ಅಂಟಿಸುವ ಕೆಲಸ ಎಂದು ಹೊರಗಿನವರು ತಿಳಿದಿರುತ್ತಾರೆ. ನಮ್ಮ ದಿನದ ಬಹುಪಾಲು ಹೋಗುವುದು ಎರಡು ಪ್ರಶ್ನೆಗಳಲ್ಲಿ: ಬೇರೆ ಬೇರೆಯಾಗಿ ಕಾಣುವ ಈ ಎರಡು ಪುಸ್ತಕಗಳು ಒಂದೇ ಅಲ್ಲವೇ? ಒಬ್ಬರೇ ಎಂದು ಕಾಣುವ ಈ ಲೇಖಕರು ಇಬ್ಬರಲ್ಲವೇ?

ಒಂದು ಕೃತಿಗೆ ಹಲವು ಹೆಸರಿರುವುದು ಕನ್ನಡಕ್ಕೆ ಹೊಸದಲ್ಲ, ಅದರಲ್ಲಿ ತಪ್ಪೂ ಇಲ್ಲ. ಪಂಪನ ‘ವಿಕ್ರಮಾರ್ಜುನ ವಿಜಯ’ವೇ ‘ಪಂಪಭಾರತ’. ರನ್ನನ ‘ಸಾಹಸಭೀಮ ವಿಜಯ’ವೇ ‘ಗದಾಯುದ್ಧ’. ಕುಮಾರವ್ಯಾಸನ ‘ಕರ್ಣಾಟ ಭಾರತ ಕಥಾಮಂಜರಿ’ ಬೇಕಾದವರು ‘ಗದುಗಿನ ಭಾರತ’ ಕೊಡಿ ಎಂದು ಕೇಳುತ್ತಾರೆ, ನಾವು ಕೊಡುತ್ತೇವೆ. ತೊಡಕು ಬರುವುದು ‘ಪಂಪ ರಾಮಾಯಣ’ದ ಬಳಿ. ‘ಪಂಪಭಾರತ’ ಓದಿ ಮುಗಿಸಿದ ವಿದ್ಯಾರ್ಥಿ ಇದೂ ಅದೇ ಕವಿಯದೆಂದು ತಿಳಿಯುತ್ತಾನೆ. ಅದು ನಾಗಚಂದ್ರನ ‘ರಾಮಚಂದ್ರಚರಿತ ಪುರಾಣ’. ‘ಅಭಿನವ ಪಂಪ’ ಎಂದು ಕರೆಸಿಕೊಂಡವನು ನಾಗಚಂದ್ರ, ಇಬ್ಬರ ನಡುವೆ ಒಂದು ಶತಮಾನಕ್ಕೂ ಮಿಕ್ಕಿದ ಅಂತರವಿದೆ. ಕೃತಿಯ ಹೆಸರು, ಕವಿಯ ಹೆಸರು ಎರಡೂ ಒಟ್ಟಿಗೆ ದಾರಿ ತಪ್ಪಿಸುವ ಇಂಥ ಉದಾಹರಣೆ ಇನ್ನೊಂದು ಸಿಗುವುದು ಕಷ್ಟ.

ನಮ್ಮ ಕಾಲಕ್ಕೆ ಬಂದರೆ ಮೈಸೂರಿನ ಆರ್.ಕೆ. ನಾರಾಯಣ್ ಅವರ ಪುಸ್ತಕಗಳನ್ನೇ ನೋಡಬಹುದು. 1945ರ ‘ದಿ ಇಂಗ್ಲಿಷ್ ಟೀಚರ್’ ಅಮೆರಿಕದಲ್ಲಿ ‘ಗ್ರೇಟ್‌ಫುಲ್ ಟು ಲೈಫ್ ಅಂಡ್ ಡೆತ್’ ಎಂಬ ಹೆಸರಿನಲ್ಲಿ ಬಂತು. ‘ಮಿಸ್ಟರ್ ಸಂಪತ್’ ಅಲ್ಲಿ ‘ದಿ ಪ್ರಿಂಟರ್ ಆಫ್ ಮಾಲ್ಗುಡಿ’ ಆಯಿತು. ಅಮೆರಿಕದಲ್ಲಿರುವ ಮಗನ ಮನೆಯಿಂದ ಹಿಂದಿರುಗಿದ ಹಿರಿಯರೊಬ್ಬರು ಅಲ್ಲಿನ ಹಳೆಯ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿದ ಪ್ರತಿಯನ್ನು ತಂದು, ಇದು ಭಾರತದಲ್ಲಿ ಪ್ರಕಟವೇ ಆಗಿಲ್ಲ ಎಂದು ನಮಗೆ ದಾನವಾಗಿ ಕೊಟ್ಟಿದ್ದರು. ಅದರ ತಮ್ಮ ನಮ್ಮ ಕಪಾಟಿನಲ್ಲಿ ಬೇರೆ ಹೆಸರಿನಲ್ಲಿ ಮೊದಲೇ ಇದ್ದ.

ಇದಕ್ಕೆ ತದ್ವಿರುದ್ಧವಾದದ್ದು ‘ಮಾಲ್ಗುಡಿ ಡೇಸ್’. 1943ರಲ್ಲಿ ಆ ಹೆಸರಿನ ಸಂಕಲನ ಬಂದಿತ್ತು. 1982ರಲ್ಲಿ ಅದೇ ಹೆಸರಿನಲ್ಲಿ ಬಂದದ್ದು ಬೇರೆಯದೇ ಆಯ್ಕೆ. ‘ಆನ್ ಅಸ್ಟ್ರಾಲಜರ್ಸ್ ಡೇ’ ಮತ್ತು ‘ಲಾಲಿ ರೋಡ್’ ಸಂಕಲನಗಳಿಂದ ಆರಿಸಿದ ಕಥೆಗಳ ಜೊತೆಗೆ ಕೆಲವು ಹೊಸ ಕಥೆಗಳು ಅದರಲ್ಲಿವೆ. ಹೆಸರು ಒಂದೇ, ಹೂರಣ ಬೇರೆ. ಇನ್ನು ಶಂಕರ್ ನಾಗ್ ಅವರ ಧಾರಾವಾಹಿಯನ್ನು ಕಣ್ತುಂಬಿಕೊಂಡವರು ಈ ಪುಸ್ತಕ ಕೊಂಡರೆ ಸ್ವಾಮಿಯ ಸಣ್ಣ ಕಥೆಯೊಂದು ಸಿಗುತ್ತದೆಯೇ ಹೊರತು, ಸ್ವಾಮಿ, ಮಣಿ, ರಾಜಂ ಕಟ್ಟಿದ ಕ್ರಿಕೆಟ್ ತಂಡ ಸಿಗುವುದಿಲ್ಲ. ಅದಿರುವುದು 1935ರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕಾದಂಬರಿಯಲ್ಲಿ. ಪುಸ್ತಕ ಹಿಂದಿರುಗಿಸುವಾಗ “ಇದರಲ್ಲಿ ಹಾಳೆಗಳು ಬಿಟ್ಟುಹೋಗಿವೆ” ಎಂದು ದೂರಿದವರನ್ನು ನಾನು ಕಂಡಿದ್ದೇನೆ.

ಸಿನಿಮಾದಿಂದ ಪುಸ್ತಕಕ್ಕೆ ಬರುವ ಓದುಗರಿಗೆಲ್ಲ ಈ ಪಾಡು ಇದ್ದದ್ದೇ. 1972ರ ‘ನಾಗರಹಾವು’ ಚಿತ್ರ ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಕೂಡಿಸಿ ಮಾಡಿದ್ದು. ಮೊದಲನೆಯದನ್ನು ಮಾತ್ರ ಒಯ್ದವರಿಗೆ ರಾಮಾಚಾರಿಯ ಇಡೀ ಕಥೆ ಕೈಗೆ ಸಿಗುವುದಿಲ್ಲ. ಮೂರನ್ನೂ ಒಟ್ಟಿಗೆ ಕೊಡುವುದು ನಮ್ಮ ಕೌಂಟರಿನ ರೂಢಿ. ‘ಚೋಮನ ದುಡಿ’ಯದು ಇನ್ನೊಂದು ಬಗೆ. ಕಾದಂಬರಿ ಶಿವರಾಮ ಕಾರಂತರದು, 1975ರ ಚಿತ್ರವನ್ನು ನಿರ್ದೇಶಿಸಿದವರು ಬಿ.ವಿ. ಕಾರಂತರು. “ಕಾರಂತರೇ ಬರೆದು ಕಾರಂತರೇ ತೆಗೆದದ್ದು” ಎಂದು ಕಾಲೇಜಿನ ಹುಡುಗರು ಪೂರ್ತಿ ವಿಶ್ವಾಸದಿಂದ ಹೇಳುತ್ತಾರೆ.

ಸಂಗ್ರಹ ಸಂಪುಟಗಳ ವಿಷಯದಲ್ಲಿ ನನಗೆ ತಕರಾರಿಲ್ಲ, ಅವು ಹೆಸರಿನಲ್ಲಿಯೇ ನಿಜ ಹೇಳಿದರೆ. ಯು.ಆರ್. ಅನಂತಮೂರ್ತಿಯವರ ‘ಎರಡು ದಶಕದ ಕತೆಗಳು’, ‘ಮೂರು ದಶಕದ ಕಥೆಗಳು’, ‘ಐದು ದಶಕದ ಕಥೆಗಳು’ ಎಂಬ ಸಾಲನ್ನು ನೋಡಿ. ಕೊನೆಯದನ್ನು ಕೊಂಡವನು ಮೊದಲಿನವನ್ನು ಯಾಕೆ ಕೊಳ್ಳಬೇಕಾಗಿಲ್ಲ ಎಂಬುದು ಮುಖಪುಟದಲ್ಲಿಯೇ ತಿಳಿಯುತ್ತದೆ. ಬೇಂದ್ರೆಯವರ ‘ಅರಳು ಮರಳು’ ಐದು ಸಂಕಲನಗಳ ಗುಚ್ಛ ಎಂಬುದು ಪುಸ್ತಕ ತೆರೆದರೆ ಗೊತ್ತಾಗುತ್ತದೆ. ಕೆ.ಎಸ್. ನರಸಿಂಹಸ್ವಾಮಿಯವರ ‘ಮಲ್ಲಿಗೆಯ ಮಾಲೆ’ ಮಾತ್ರ ಉಡುಗೊರೆ ಕೊಡುವವರನ್ನು ಆಗಾಗ ಗಲಿಬಿಲಿಗೊಳಿಸುತ್ತದೆ. ಅದು ‘ಮೈಸೂರು ಮಲ್ಲಿಗೆ’ಯ ಇನ್ನೊಂದು ಹೆಸರೂ ಅಲ್ಲ, ಮುಂದಿನ ಭಾಗವೂ ಅಲ್ಲ. ಕವಿಯ ಹಲವು ಸಂಕಲನಗಳನ್ನು ಒಟ್ಟುಮಾಡಿದ ಹೊತ್ತಗೆ.

ಈಗ ಹೆಸರುಗಳಿಗೆ ಬರುತ್ತೇನೆ. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ‘ಕನ್ನಡ ಗ್ರಂಥಸಂಪಾದನೆ’ಯನ್ನು ಆರ್. ನರಸಿಂಹಾಚಾರ್ ಅವರ ಹೆಸರಿನಡಿ ಸೇರಿಸಿದ್ದೆ. ಬರೆದವರು ಡಿ.ಎಲ್. ನರಸಿಂಹಾಚಾರ್. ‘ಕರ್ನಾಟಕ ಕವಿಚರಿತೆ’ಯ ಆರ್. ನರಸಿಂಹಾಚಾರ್ ತೀರಿಕೊಂಡದ್ದು 1936ರಲ್ಲಿ, ಈ ಪುಸ್ತಕ ಬಂದದ್ದು ಅದಾಗಿ ಎರಡು ದಶಕಗಳಿಗೂ ಹೆಚ್ಚು ಕಾಲದ ಮೇಲೆ. ಇಸವಿಯನ್ನು ಒಮ್ಮೆ ನೋಡಿದ್ದರೆ ಸಾಕಿತ್ತು. ನನ್ನ ಆ ಒಂದು ಕಾರ್ಡಿನಿಂದ ಸಂಶೋಧನೆಯ ವಿದ್ಯಾರ್ಥಿಯೊಬ್ಬ ಎರಡು ವಾರ ಆ ಪುಸ್ತಕ ನಮ್ಮಲ್ಲಿಲ್ಲವೆಂದೇ ತಿಳಿದಿದ್ದ. ಮೂರನೆಯವರು ಕವಿ ಪು.ತಿ. ನರಸಿಂಹಾಚಾರ್, ‘ಹಣತೆ’ಯ, ‘ಗೋಕುಲ ನಿರ್ಗಮನ’ದ ಪುತಿನ. ಅಂದಿನಿಂದ ಲೇಖಕರ ಹೆಸರಿನ ಪಕ್ಕದಲ್ಲಿ ಜನನ, ಮರಣದ ಇಸವಿ ಬರೆಯದೆ ನಾನು ಯಾವ ನಮೂದನ್ನೂ ಮುಗಿಸುವುದಿಲ್ಲ.

ಈ ಪಾಠವನ್ನು ‘ಕವಿಚರಿತೆ’ಯೇ ಕಲಿಸಿಕೊಟ್ಟಿದೆ. ‘ಛಂದೋಂಬುಧಿ’ಯ ನಾಗವರ್ಮ ಒಬ್ಬ, ‘ಕಾವ್ಯಾವಲೋಕನ’ದ ನಾಗವರ್ಮ ಇನ್ನೊಬ್ಬ ಎಂದು ಒಂದು, ಎರಡು ಅಂಕಿ ಹಾಕಿ, ಕಾಲ ಹೇಳಿ ಬೇರ್ಪಡಿಸುವುದು ನಮ್ಮ ಸಾಹಿತ್ಯ ಚರಿತ್ರೆಯ ಹಳೆಯ ಕ್ರಮ. ಗುಣವರ್ಮರೂ ಇಬ್ಬರು. ಇನ್ನೂ ಸೂಕ್ಷ್ಮವಾದದ್ದು ವಚನಗಳ ಅಂಕಿತ. ಬಸವಣ್ಣನವರದು ‘ಕೂಡಲಸಂಗಮದೇವ’, ಚೆನ್ನಬಸವಣ್ಣನವರದು ‘ಕೂಡಲಚೆನ್ನಸಂಗಮದೇವ’. ನಡುವಿನ ‘ಚೆನ್ನ’ ಕಣ್ತಪ್ಪಿದರೆ ಸೋದರಳಿಯನ ವಚನ ಸೋದರಮಾವನ ಲೆಕ್ಕಕ್ಕೆ ಹೋಗುತ್ತದೆ.

ಕನ್ನಡದಲ್ಲಿ ಹುಡುಕುವವರನ್ನು ಅತಿ ಹೆಚ್ಚು ಕಾಡುವುದು ಇನಿಷಿಯಲ್. ಚಿತ್ರದುರ್ಗ ಜಿಲ್ಲೆಯ ತಳುಕಿನ ಒಂದೇ ಮನೆತನವನ್ನು ತೆಗೆದುಕೊಳ್ಳಿ. ಅಣ್ಣ ಟಿ.ಎಸ್. ವೆಂಕಣ್ಣಯ್ಯ, ಕುವೆಂಪು ‘ಶ್ರೀ ರಾಮಾಯಣ ದರ್ಶನಂ’ ಅನ್ನು ಅರ್ಪಿಸಿದ ಗುರು. ತಮ್ಮ ತ.ಸು. ಶಾಮರಾಯ. ಟಿ.ಎಸ್. ಎಂದರೂ ತಳುಕಿನ ಸುಬ್ಬಣ್ಣ, ತ.ಸು. ಎಂದರೂ ತಳುಕಿನ ಸುಬ್ಬಣ್ಣ. ಆದರೆ ಅಕಾರಾದಿಯಲ್ಲಿ ಅಣ್ಣ ‘ಟ’ದ ಕಪಾಟಿನಲ್ಲಿ, ತಮ್ಮ ‘ತ’ದ ಕಪಾಟಿನಲ್ಲಿ. ಇನ್ನೊಬ್ಬ ಸೋದರ ರಾಮಸ್ವಾಮಯ್ಯನವರ ಮಗ ಸುಬ್ಬರಾವ್ ‘ತ.ರಾ.ಸು.’ ಎಂದೇ ಹೆಸರಾದವರು. ಆ ಹೆಸರಿನ ಕೊನೆಯ ಅಕ್ಷರ ತಂದೆಯದಲ್ಲ, ಅವರದೇ.

ಇಂಗ್ಲಿಷ್ ಅಕ್ಷರಗಳನ್ನು ಕನ್ನಡದಲ್ಲಿ ಬರೆದಾಗ ಇನ್ನೊಂದು ಪೇಚು. ಎಂ, ಎನ್, ಎಲ್, ಎಸ್, ಎಚ್ ಎಲ್ಲವೂ ‘ಎ’ಯಿಂದಲೇ ಶುರು. ಎಸ್.ಎಲ್. ಭೈರಪ್ಪ, ಎಂ.ಕೆ. ಇಂದಿರಾ, ಎಂ. ಚಿದಾನಂದಮೂರ್ತಿ, ಎನ್.ಎಸ್. ಲಕ್ಷ್ಮೀನಾರಾಯಣ ಭಟ್ಟ, ಎಚ್.ಎಸ್. ವೆಂಕಟೇಶಮೂರ್ತಿ ಎಲ್ಲರೂ ಒಂದೇ ಅಕ್ಷರದಡಿ ಇಕ್ಕಟ್ಟಾಗಿ ನಿಲ್ಲುತ್ತಾರೆ. ಒಬ್ಬ ಪ್ರಕಾಶಕರು ‘ಎಚ್’ ಎಂದು, ಇನ್ನೊಬ್ಬರು ‘ಹೆಚ್’ ಎಂದು ಅಚ್ಚು ಹಾಕಿದರೆ ಒಬ್ಬ ಲೇಖಕ ಕಂಪ್ಯೂಟರಿನಲ್ಲಿ ಇಬ್ಬರಾಗುತ್ತಾನೆ. ಆದ್ದರಿಂದ ಇನಿಷಿಯಲ್ ಬಿಟ್ಟು ಹೆಸರಿನಿಂದ ಹುಡುಕಿ ಎಂದು ನಾನು ಬಂದವರಿಗೆಲ್ಲ ಹೇಳುತ್ತೇನೆ.

ಕಾವ್ಯನಾಮಗಳಲ್ಲಿಯೂ ಹೀಗೆಯೇ. ‘ನಾನು ಕೊಂದ ಹುಡುಗಿ’ ಬರೆದ ‘ಆನಂದ’ ಅಜ್ಜಂಪುರ ಸೀತಾರಾಮ್; ‘ಆನಂದಕಂದ’ ಬೆಟಗೇರಿ ಕೃಷ್ಣಶರ್ಮ. ಅನುಪಮಾ ನಿರಂಜನ ವೈದ್ಯೆ, ಲೇಖಕಿ, ಎಚ್.ಎಸ್. ಅನುಪಮಾ ಕೂಡ ವೈದ್ಯೆ, ಲೇಖಕಿ. ಮೊದಲನೆಯವರು 1991ರಲ್ಲಿ ನಿಧನರಾದರು. ಈಚಿನ ಪುಸ್ತಕವೊಂದನ್ನು ಹಿಡಿದು “ಅವರು ಇನ್ನೂ ಬರೆಯುತ್ತಿದ್ದಾರೆಯೇ?” ಎಂದು ಕೇಳಿದವರ ಮುಖದಲ್ಲಿ ಕ್ಷಣಕಾಲ ಕಂಡ ಸಂತೋಷವನ್ನು ನಾನೇ ಆರಿಸಬೇಕಾಯಿತು.

ಲೇಖಕರು ಮನಸ್ಸು ಮಾಡಿದರೆ ಇದು ಸುಲಭ. ಅಮೆರಿಕದಲ್ಲಿ ವಿನ್‌ಸ್ಟನ್ ಚರ್ಚಿಲ್ ಎಂಬ ಕಾದಂಬರಿಕಾರ ಮೊದಲೇ ಹೆಸರು ಮಾಡಿದ್ದ. ಮುಂದೆ ಬ್ರಿಟನ್ನಿನ ಪ್ರಧಾನಿಯಾದ ಚರ್ಚಿಲ್ 1899ರಲ್ಲಿ ಅವನಿಗೆ ಪತ್ರ ಬರೆದು, ತನ್ನ ಬರಹಗಳಿಗೆ ವಿನ್‌ಸ್ಟನ್ ಸ್ಪೆನ್ಸರ್ ಚರ್ಚಿಲ್ ಎಂದು ಸಹಿ ಮಾಡುವುದಾಗಿ ತಿಳಿಸಿದ. ಮೊದಲ ಪುಸ್ತಕ ತರುವ ನಮ್ಮ ಯುವ ಲೇಖಕರು ಅಚ್ಚಿಗೆ ಹೋಗುವ ಮುನ್ನ ತಮ್ಮದೇ ಹೆಸರನ್ನು ಗ್ರಂಥಾಲಯದಲ್ಲಿ ಒಮ್ಮೆ ಹುಡುಕಿ ನೋಡಲಿ. ಅದೇ ಹೆಸರಿನವರು ಇದ್ದರೆ ಊರಿನ ಹೆಸರನ್ನೋ ತಾಯಿಯ ಹೆಸರನ್ನೋ ಸೇರಿಸಿಕೊಳ್ಳಲಿ.

ಓದುಗರು ಮಾಡಬೇಕಾದದ್ದು ಹೆಚ್ಚೇನಿಲ್ಲ. ಅಂಗಡಿಯಲ್ಲಿ ನಿಂತಾಗ ಮುಖಪುಟ ನೋಡಿದ ಮೇಲೆ ಶೀರ್ಷಿಕೆ ಪುಟವನ್ನು ಮಗುಚಿ. ಹಕ್ಕು ಯಾರದು, ಮೊದಲ ಮುದ್ರಣ ಯಾವಾಗ, ಎಷ್ಟನೆಯ ಮುದ್ರಣ ಎಂಬುದೆಲ್ಲ ಅಲ್ಲಿರುತ್ತದೆ. ‘ಮುದ್ರಣ’ ಎಂದರೆ ಸಾಮಾನ್ಯವಾಗಿ ಹಳೆಯದನ್ನೇ ಮತ್ತೆ ಅಚ್ಚು ಹಾಕಿದ್ದು. ‘ಪರಿಷ್ಕೃತ ಆವೃತ್ತಿ’ ಎಂದರೆ ಒಳಗೆ ಏನೋ ಬದಲಾಗಿದೆ. ಲೇಖಕರು ತೀರಿಕೊಂಡು ಬಹಳ ವರ್ಷಗಳಾಗಿದ್ದು ‘ಮೊದಲ ಮುದ್ರಣ’ ಈಚಿನದಾಗಿದ್ದರೆ ಅನುಮಾನಿಸಿ, ಅರಿಕೆಯನ್ನು ಓದಿ. ಕಥೆ, ಕವಿತೆಯಾದರೆ ಪರಿವಿಡಿ ನೋಡಿ; ಕಾದಂಬರಿಯಾದರೆ ಮೊದಲ ಪುಟ ಓದಿ.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಬೇರೆಯಾಗಿದ್ದರೆ ಪುಸ್ತಕವೂ ಬೇರೆ ಎಂಬ ನಂಬಿಕೆಯನ್ನು ದಯವಿಟ್ಟು ಬಿಡಿ. ಆ ಸಂಖ್ಯೆ ಸಿಗುವುದು ಕೃತಿಗಲ್ಲ, ಅದರ ಒಂದೊಂದು ಆವೃತ್ತಿಗೆ. ಪ್ರಕಾಶಕ ಬದಲಾದರೆ, ಹೆಸರು ಬದಲಾದರೆ, ಗಟ್ಟಿ ರಟ್ಟು ಹೋಗಿ ತೆಳು ರಟ್ಟು ಬಂದರೆ ಹೊಸ ಸಂಖ್ಯೆ ಬರುತ್ತದೆ. ಆನ್‌ಲೈನ್ ಅಂಗಡಿಗಳು ಈ ಸಂಖ್ಯೆಯನ್ನೇ ಹಿಡಿದು ಒಂದು ಕೃತಿಯನ್ನು ನಾಲ್ಕು ಪುಸ್ತಕಗಳಂತೆ ತೋರಿಸುತ್ತವೆ, ಪಕ್ಕದಲ್ಲಿ ಹೊಸ ಆವೃತ್ತಿಯ ದಿನಾಂಕ ಹಾಕುತ್ತವೆ. ನಮ್ಮ ಹಳೆಯ ಕನ್ನಡ ಪುಸ್ತಕಗಳಿಗಂತೂ ಆ ಸಂಖ್ಯೆಯೇ ಇಲ್ಲ.

ಮುಂದೆ ಈ ಗೊಂದಲ ಹೆಚ್ಚುತ್ತದೆ. ಭಾರತದಲ್ಲಿ ಲೇಖಕರ ನಿಧನಾನಂತರ 60 ವರ್ಷ ಕೃತಿಸ್ವಾಮ್ಯ ಇರುತ್ತದೆ. 1963ರಲ್ಲಿ ತೀರಿಕೊಂಡ ತ್ರಿವೇಣಿಯವರ ಕಾದಂಬರಿಗಳನ್ನು 2024ರಿಂದ ಯಾರು ಬೇಕಾದರೂ ಅಚ್ಚು ಹಾಕಬಹುದು. ‘ಶರಪಂಜರ’ ಹೊಸ ಹೊಸ ಮುಖಪುಟಗಳಲ್ಲಿ ಹೊಸ ಓದುಗರಿಗೆ ಸಿಗಲಿ, ಅದು ನನಗೆ ಹಬ್ಬ. ಪ್ರಕಾಶಕರಲ್ಲಿ ನನ್ನ ಬೇಡಿಕೆ ಒಂದೇ ಸಾಲಿನದು. ಹೆಸರು ಬದಲಿಸಿದರೆ, ಆಯ್ಕೆ ಬದಲಿಸಿದರೆ, ಸಂಕ್ಷೇಪಿಸಿದರೆ, ‘ಈ ಹಿಂದೆ ಇಂಥ ಹೆಸರಿನಲ್ಲಿ, ಇಂಥ ಇಸವಿಯಲ್ಲಿ ಪ್ರಕಟವಾಗಿತ್ತು’ ಎಂದು ಶೀರ್ಷಿಕೆ ಪುಟದ ಹಿಂಬದಿಯಲ್ಲಿ ಅಚ್ಚು ಹಾಕಿ. ಗ್ರಂಥಾಲಯ ವಿಜ್ಞಾನಕ್ಕೆ ಐದು ಸೂತ್ರಗಳನ್ನು ಕೊಟ್ಟು, ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದ ಎಸ್.ಆರ್. ರಂಗನಾಥನ್ ಅವರ ನಾಲ್ಕನೆಯ ಸೂತ್ರ ಓದುಗನ ಸಮಯ ಉಳಿಸು ಎನ್ನುತ್ತದೆ. ಆ ಒಂದು ಸಾಲು ಸಮಯವನ್ನೂ ಉಳಿಸುತ್ತದೆ, ದುಡ್ಡನ್ನೂ ಉಳಿಸುತ್ತದೆ.

ಆ ಶಿಕ್ಷಕಿ ಹೊಸ ಪುಸ್ತಕವನ್ನು ಅಂಗಡಿಗೆ ಹಿಂದಿರುಗಿಸಲಿಲ್ಲ. ಮೂರು ಕಥೆಗಳಾದರೂ ಹೊಸವಲ್ಲವೇ ಎಂದರು. ನನ್ನ ಮೇಜಿನ ಮೇಲಿದ್ದ ಪೆನ್ಸಿಲ್ ತೆಗೆದುಕೊಂಡು, ‘ಮೊದಲ ಮುದ್ರಣ’ ಎಂಬ ಸಾಲಿನ ಕೆಳಗೆ ಹಳೆಯ ಸಂಕಲನದ ಹೆಸರನ್ನೂ ಇಸವಿಯನ್ನೂ ದುಂಡನೆಯ ಅಕ್ಷರಗಳಲ್ಲಿ ಬರೆದರು. ಅವರು ಹೋದ ಮೇಲೆ ನಮ್ಮ ಗ್ರಂಥಾಲಯದ ದಾಖಲೆಗೂ ನಾನು ಅದೇ ಸಾಲನ್ನು ಸೇರಿಸಿದೆ.